ತೋಪಿನ ಎತ್ತುಗಳನ್ನು ಮಾರಿದ ಲೆಕ್ಕ

(ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಕೇಳುಗರ ಮುಂದೆ ಮಾಡಿದ ಭಾಷಣದ ಪಠ್ಯ)



ಹಳೆಯ ತೆಂಗಿನ ತೋಟ ಇರುವ ಯಾವ ರೈತನಿಗೂ ಒಂದು ಪ್ರಶ್ನೆ ತಪ್ಪಿದ್ದಲ್ಲ. ಇಳುವರಿ ಕುಗ್ಗಿದ ಮರಗಳಿಗೆ ಗೊಬ್ಬರ, ಕೆರೆಗೋಡು ಹಾಕಿ ಇನ್ನಷ್ಟು ವರ್ಷ ಉಳಿಸಿಕೊಳ್ಳುವುದೋ, ಕಡಿದು ಹೊಸ ಸಸಿ ಇಡುವುದೋ? ಕಡಿದರೆ ಹೊಸ ಮರ ಫಲಕ್ಕೆ ಬರುವ ತನಕ ಆರೇಳು ವರ್ಷ ಕೊಬ್ಬರಿಯ ವರಮಾನ ಇಲ್ಲ. ಕಡಿಯದಿದ್ದರೆ ವರ್ಷ ವರ್ಷ ನಷ್ಟ. ಅನುಭವಸ್ಥರು ಹಳೆಯ ಮರಗಳ ನಡುವೆಯೇ ಸಸಿ ಇಟ್ಟು, ಅವು ಮೇಲೆದ್ದ ಮೇಲೆ ಮುದಿ ಮರಕ್ಕೆ ಕೊಡಲಿ ಹಾಕುತ್ತಾರೆ.

ಸೇನೆಗಳ ಮುಂದೆಯೂ ಇದೇ ಪ್ರಶ್ನೆ ಇರುತ್ತದೆ. ಫಿರಂಗಿ, ಅದನ್ನು ಹೊತ್ತ ಗಾಡಿ, ಅದನ್ನು ಎಳೆಯುವ ವಾಹನ ಇವೆಲ್ಲ ಮುಪ್ಪಾದಾಗ ದುರಸ್ತಿ ಮಾಡಿ ಹೊಸ ಶಕ್ತಿ ತುಂಬಬೇಕೋ, ತೆಗೆದುಹಾಕಿ ಹೊಸದನ್ನು ಕೊಳ್ಳಬೇಕೋ ಎಂಬ ಚರ್ಚೆ ದೆಹಲಿಯಲ್ಲಿ ದಶಕಗಳಿಂದ ನಡೆದಿದೆ. ಇದು ದೂರದ ವಿಷಯ ಎಂದು ಈ ಸೀಮೆಯವರು ತಿಳಿಯಬೇಕಾಗಿಲ್ಲ. ಇನ್ನೂರು ವರ್ಷಗಳ ಹಿಂದೆ ಫಿರಂಗಿ ಎಳೆಯುತ್ತಿದ್ದ ‘ವಾಹನ’ ತಯಾರಾಗುತ್ತಿದ್ದುದು ತುಮಕೂರು, ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ ಜಿಲ್ಲೆಗಳ ಹುಲ್ಲುಗಾವಲುಗಳಲ್ಲಿ. ಅದರ ಹೆಸರು ಅಮೃತಮಹಲ್ ಎತ್ತು. ತುರುವೇಕೆರೆ ಎಂಬ ಹೆಸರಿನಲ್ಲಿಯೇ ‘ತುರು’ ಇದೆ. ಹಳಗನ್ನಡದಲ್ಲಿ ತುರು ಎಂದರೆ ದನ.

ಫಿರಂಗಿಯ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ನಳಿಕೆಯ ಉದ್ದ, ಗುಂಡಿನ ತೂಕ, ಅದು ಹಾರುವ ದೂರ ಇವನ್ನೇ ಹೇಳುತ್ತಾರೆ. ಆದರೆ ಯುದ್ಧಭೂಮಿಗೆ ಹೊತ್ತಿಗೆ ಸರಿಯಾಗಿ ಬಂದು ತಲುಪದ ಫಿರಂಗಿ ಬರೀ ಕಬ್ಬಿಣ. ಇದನ್ನು ಕಣ್ಣಾರೆ ಕಂಡವನು ಲಾರ್ಡ್ ಕಾರ್ನ್‌ವಾಲಿಸ್. 1791ರ ಮೇ ತಿಂಗಳಲ್ಲಿ ಅವನು ಬೆಂಗಳೂರನ್ನು ಗೆದ್ದ ಹುಮ್ಮಸ್ಸಿನಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದ. ಅರಕೆರೆಯ ಬಳಿ ನಡೆದ ಕದನದಲ್ಲಿ ಟಿಪ್ಪುವಿನ ಸೈನ್ಯವನ್ನು ಹಿಂದಕ್ಕೂ ತಳ್ಳಿದ. ಆದರೆ ಕೋಟೆಗೆ ಮುತ್ತಿಗೆ ಹಾಕಲು ಆಗಲಿಲ್ಲ. ಮೇವಿಲ್ಲದೆ, ರೋಗ ತಗುಲಿ ಅವನ ಎತ್ತುಗಳು ಸತ್ತುಹೋಗಿದ್ದವು. ಕೋಟೆ ಒಡೆಯಲೆಂದು ತಂದ ಭಾರಿ ತೋಪುಗಳನ್ನು ಎಳೆಯುವವರಿಲ್ಲದೆ ತಾನೇ ನಾಶಮಾಡಿ ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಗೆದ್ದ ಸೇನಾಪತಿ ತನ್ನ ತೋಪುಗಳನ್ನು ತಾನೇ ಒಡೆದ ಪ್ರಸಂಗ ಚರಿತ್ರೆಯಲ್ಲಿ ಹೆಚ್ಚಿಲ್ಲ.

ಎದುರು ಪಕ್ಷದಲ್ಲಿ ಇದ್ದುದು ಬೇರೆಯೇ ವ್ಯವಸ್ಥೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಅರಮನೆಗೆ ಹಾಲು ಬೆಣ್ಣೆ ಒದಗಿಸಲು ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಇತ್ತು. ಆ ಹಿಂಡಿನ ಹೋರಿಗಳು ತೋಪು ಎಳೆಯುವುದಕ್ಕೆ ಎಷ್ಟು ಒಳ್ಳೆಯವು ಎಂಬುದನ್ನು ಹೈದರ್ ಅಲಿ ಕಂಡುಕೊಂಡ. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು, ಸಾಕಣೆಗೆ ಹುಕುಂನಾಮೆ ಹೊರಡಿಸಿದ. ಹೆಸರಿನಲ್ಲಿ ಅಮೃತ ಇದ್ದರೂ ಈ ಹಸುಗಳು ಹಾಲಿಗೆ ಹೇಳಿದವಲ್ಲ. ಇರುವ ಹಾಲನ್ನು ಕರುವಿಗೇ ಬಿಟ್ಟರೆ ಮಾತ್ರ ಗಟ್ಟಿ ಎತ್ತು ಸಿಗುತ್ತದೆ.

ಈ ಎತ್ತಿನ ಗುಣ ಏನು? ಗಟ್ಟಿ ಗೊರಸು, ಕಡಿಮೆ ಮೇವಿನಲ್ಲೂ ಬಾಳುವ ದೇಹ, ಮುಖ್ಯವಾಗಿ ನಡಿಗೆಯ ವೇಗ. ಸಾಮಾನ್ಯ ಎತ್ತಿನ ತೋಪುಗಾಡಿ ಸೈನ್ಯದ ಹಿಂದೆ ಉಳಿದುಬಿಡುತ್ತದೆ. ಅಮೃತಮಹಲ್ ಎತ್ತು ಸೈನಿಕರ ಹೆಜ್ಜೆಗೆ ಹೆಜ್ಜೆ ಕೊಡುತ್ತಿತ್ತು. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಇದರ ಸಾಹಸಗಳನ್ನು ಅಭಿಮಾನದಿಂದಲೇ ದಾಖಲಿಸಿದೆ. ಹೈದರ್ ಚಿದಂಬರದ ರಕ್ಷಣೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು, ಸೋತಾಗಲೂ ಶತ್ರುವಿನ ಕಣ್ಣೆದುರೇ ತೋಪುಗಳನ್ನು ಎಳೆದುಕೊಂಡು ಹೋದದ್ದು, ಬಿದನೂರನ್ನು ಮರಳಿ ಪಡೆಯಲು ಟಿಪ್ಪು ಒಂದೇ ತಿಂಗಳಲ್ಲಿ ಪರ್ಯಾಯದ್ವೀಪವನ್ನು ದಾಟಿದ್ದು, ಇವೆಲ್ಲಕ್ಕೂ ಕಾರಣ ಈ ಇಲಾಖೆಯೇ ಎಂದು ಅಲ್ಲಿ ಹೇಳಿದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಆರ್ಥರ್ ವೆಲ್ಲೆಸ್ಲಿಯ ಮಿಂಚಿನ ನಡೆಗಳಿಗೂ ಇದೇ ಎತ್ತುಗಳು ಆಧಾರವಾದವು.

ಇಲ್ಲಿ ಗಮನಿಸಬೇಕಾದ ಸಂಗತಿ ಎತ್ತಿಗಿಂತ ದೊಡ್ಡದು. ಅದು ಕಾವಲು. ಹಿಂಡುಗಳು ವರ್ಷವಿಡೀ ಒಂದೇ ಕಡೆ ಮೇಯುತ್ತಿರಲಿಲ್ಲ. ಬೇಸಿಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ ಕಾವಲುಗಳಿದ್ದವು. ಬೇಸಿಗೆಯಲ್ಲಿ ಕೆರೆಯಂಗಳದ ಹಸಿರು, ನೆರಳು ಇರುವ ಕಡೆಗೆ, ಮಳೆ ಬಿದ್ದಾಗ ಬಯಲು ಹುಲ್ಲಿನ ಕಡೆಗೆ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು. ಹೀಗೆ ಲಕ್ಷಾಂತರ ಎಕರೆ ನೆಲ ಅಂದಿನ ಸೇನೆಯ ವಾಹನ ಕಾರ್ಖಾನೆಯೂ ಆಗಿತ್ತು, ಬಿಡಿಭಾಗಗಳ ಉಗ್ರಾಣವೂ ಆಗಿತ್ತು. ಎತ್ತು ಸತ್ತರೆ ಇನ್ನೊಂದು ಎತ್ತು ಬರುತ್ತಿತ್ತು. ಹಿಂಡು ಹೋದರೆ ಮಾತ್ರ ಯಾವ ಸಂತೆಯಲ್ಲೂ ಅದು ಸಿಗುವಂಥದಲ್ಲ.

ಬ್ರಿಟಿಷರು ಇದನ್ನು ಎರಡು ಸಲ ಮರೆತರು. 1799ರ ನಂತರ ಹಿಂಡಿನ ಉಸ್ತುವಾರಿಯನ್ನು ಮೈಸೂರು ಸರ್ಕಾರಕ್ಕೆ ಬಿಟ್ಟುಕೊಟ್ಟು ತಮಗೆ ಬೇಕಾದಾಗ ಎತ್ತು ಸಿಕ್ಕರೆ ಸಾಕು ಎಂದುಕೊಂಡರು. ನೋಡಿಕೊಳ್ಳುವವರಿಲ್ಲದೆ ತಳಿ ಕೆಟ್ಟಿತು. 1813ರಲ್ಲಿ ಮದರಾಸು ಸೇನೆಯ ಕ್ಯಾಪ್ಟನ್ ಹಾರ್ವೆ ಎಂಬ ಅಧಿಕಾರಿ ಬಂದು ಹಿಂಡನ್ನು ಹಿಡಿತಕ್ಕೆ ತಂದ ಮೇಲೆ ಅದು ಚೇತರಿಸಿಕೊಂಡಿತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಹಳೆಯ ವಾಹನದ ‘ಅಪ್‌ಗ್ರೇಡ್’.

ಎರಡನೆಯ ಸಲದ್ದು ಇನ್ನೂ ದೊಡ್ಡ ಎಡವಟ್ಟು. 1860ರಲ್ಲಿ ಮದರಾಸು ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲ್ಯನ್ ಮಿತವ್ಯಯದ ಹೆಸರಿನಲ್ಲಿ ಇಲಾಖೆಯನ್ನೇ ಮುಚ್ಚಿದ. ಹಿಂಡು ಹರಾಜಾಯಿತು. ಕೊಂಡವರಲ್ಲಿ ದೊಡ್ಡ ಗಿರಾಕಿ ಈಜಿಪ್ಟಿನ ಪಾಷಾ! ಕಾವಲಿನ ಖರ್ಚು, ಕಾವಲುಗಾರರ ಸಂಬಳ, ಕೆಲಸಕ್ಕೆ ಬಾರದ ಹಸು ಕರುಗಳ ಸಾಕಣೆ ಇವೆಲ್ಲ ಕಾಗದದ ಮೇಲೆ ದಂಡವಾಗಿಯೇ ಕಾಣುತ್ತವೆ. ಆದರೆ ಕೆಲವೇ ವರ್ಷಗಳಲ್ಲಿ ಸೇನೆಗೆ ತಕ್ಕ ಎತ್ತು ಸಿಗದೆ ಮಾಡಿದ್ದು ತಪ್ಪು ಎಂಬುದು ಸರ್ಕಾರಕ್ಕೇ ಮನವರಿಕೆಯಾಯಿತು. ಆ ದಶಕ ಮುಗಿಯುವ ಮೊದಲೇ ಚದುರಿದ ತಳಿಯಿಂದ ಮತ್ತೆ ಹಿಂಡು ಕಟ್ಟುವ ಕೆಲಸ ಶುರುವಾಯಿತು. ಮಾರಿದಷ್ಟು ಸುಲಭವಾಗಿ ಕಟ್ಟಲು ಬರುವುದಿಲ್ಲ ಎಂಬುದು ದನ ಸಾಕಿದ ಯಾರಿಗಾದರೂ ಗೊತ್ತು. ಕರು ಹುಟ್ಟಿ, ಬೆಳೆದು, ಪಳಗಿ, ತೋಪಿನ ನೊಗಕ್ಕೆ ಹೆಗಲು ಕೊಡಲು ವರ್ಷಗಳೇ ಬೇಕು.

ಎತ್ತಿಗೆ ಬದಲಿ ಹುಡುಕುವ ಪ್ರಯತ್ನ ಆಗಲೇ ನಡೆದಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಭಾರಿ ತೋಪುಗಳಿಗೆ ಆನೆ ಕಟ್ಟುತ್ತಿದ್ದರು. ಆನೆಗೆ ಬಲ ಉಂಟು, ಆದರೆ ಗುಂಡಿನ ಸದ್ದಿಗೆ ಅದು ನಿಲ್ಲದು. ದಾರಿಯುದ್ದಕ್ಕೂ ಆನೆ ಎಳೆದು ತಂದ ತೋಪನ್ನು ಗುಂಡು ಹಾರುವ ಜಾಗದ ಹತ್ತಿರ ಬಂದಾಗ ಎತ್ತುಗಳಿಗೆ ಒಪ್ಪಿಸುತ್ತಿದ್ದರು. ಹೊಸದು ಬಲಶಾಲಿ ಎಂಬ ಒಂದೇ ಕಾರಣಕ್ಕೆ ಹಳೆಯದನ್ನು ಬಿಡಬಾರದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ಕೊನೆಗೆ ಮೋಟಾರು ಬಂತು. 1923ರಲ್ಲಿ ಅಮೃತಮಹಲ್ ಮೈಸೂರಿನ ಸೇನಾ ಇಲಾಖೆಯಿಂದ ಕೃಷಿ ಇಲಾಖೆಗೆ ವರ್ಗವಾಯಿತು. ತೋಪಿನ ಎತ್ತು ಕಾಗದದಲ್ಲೂ ರೈತನ ಎತ್ತಾಯಿತು.

ಸ್ವತಂತ್ರ ಭಾರತದ ಕಥೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಸೋವಿಯತ್ ಒಕ್ಕೂಟದಿಂದ ಬಂದ 130 ಮಿಲಿಮೀಟರ್‌ನ ಎಂ–46 ಫಿರಂಗಿ 1971ರ ಯುದ್ಧದಲ್ಲಿ ಹೆಸರು ಮಾಡಿತು. ಅದರ ಗುಂಡು ಸುಮಾರು 27 ಕಿಲೋಮೀಟರ್ ಹೋಗುತ್ತದೆ. 1980ರ ದಶಕದಲ್ಲಿ ಇದನ್ನೇ ಆವಡಿಯಲ್ಲಿ ತಯಾರಾಗುತ್ತಿದ್ದ ವಿಜಯಂತ ಟ್ಯಾಂಕಿನ ಚಾಸಿಸ್ ಮೇಲೆ ಕೂರಿಸಿ ‘ಕ್ಯಾಟಪಲ್ಟ್’ ಎಂಬ ಸ್ವಯಂಚಾಲಿತ ಫಿರಂಗಿ ಮಾಡಿದರು. ಇದ್ದುದರಲ್ಲೇ ಒಪ್ಪವಾಗಿ ಹೊಂದಿಸಿದ ಕೆಲಸ ಅದು. ಆದರೆ ವಿಜಯಂತ ಟ್ಯಾಂಕುಗಳು ಸೇವೆಯಿಂದ ಸರಿದ ಮೇಲೆ ಕ್ಯಾಟಪಲ್ಟಿನ ಬಿಡಿಭಾಗಕ್ಕೂ ಬರ ಬಂತು. ಅದೇ ಫಿರಂಗಿಯನ್ನು ಅರ್ಜುನ್ ಟ್ಯಾಂಕಿನ ಚಾಸಿಸ್ ಮೇಲೆ ಇಟ್ಟು ಪರೀಕ್ಷಿಸಿದ್ದೂ ಆಯಿತು. ಅಷ್ಟರಲ್ಲಿ ಗುರಿಯೇ ಬದಲಾಗಿತ್ತು: ಎಲ್ಲ ಫಿರಂಗಿಗಳೂ 155 ಮಿಲಿಮೀಟರ್ ಆಗಬೇಕು ಎಂಬ ತೀರ್ಮಾನವಾಗಿತ್ತು.

155 ಏಕೆ? 130ರ ಗುಂಡು ಸುಮಾರು 33 ಕಿಲೋ, 155ರದು 43 ಕಿಲೋದಷ್ಟು. ಹೊಡೆತ ದೊಡ್ಡದು. ಜೊತೆಗೆ ಎಲ್ಲ ಫಿರಂಗಿಗಳಿಗೂ ಒಂದೇ ಅಳತೆಯ ಗುಂಡಾದರೆ ಸರಬರಾಜು ಹಗುರ. ಹಾಗಾದರೆ ನೂರಾರು ಎಂ–46ಗಳನ್ನು ಗುಜರಿಗೆ ಹಾಕಬೇಕೆ? ಹಾಕಲಿಲ್ಲ. 2000ದಲ್ಲಿ ಇಸ್ರೇಲಿನ ಸೋಲ್ಟಮ್ ಕಂಪನಿಯ ನೆರವಿನಿಂದ ಒಂದಷ್ಟು ಫಿರಂಗಿಗಳ ನಳಿಕೆ ಬದಲಿಸುವ ಕೆಲಸ ಆರಂಭವಾಯಿತು. 2018ರಲ್ಲಿ ಇನ್ನೂ 300 ಫಿರಂಗಿಗಳ ಮಾರ್ಪಾಡಿಗೆ ಆರ್ಡ್ನೆನ್ಸ್ ಫ್ಯಾಕ್ಟರಿ ಮಂಡಳಿಗೆ ಆದೇಶ ಹೋಯಿತು. ಇದಕ್ಕೆ ‘ಶಾರಂಗ್’ ಎಂದು ಹೆಸರು. ಹಳೆಯ ಗಾಡಿಗೆ ಹೊಸ ನಳಿಕೆ. ಗುಂಡು ಹೋಗುವ ದೂರ 36 ಕಿಲೋಮೀಟರ್ ದಾಟಿತು. ದುರಸ್ತಿ ಸಾರ್ಥಕವಾದ ಪ್ರಕರಣ ಇದು. ಅದಕ್ಕೆ ಕಾರಣ, ಮಾರ್ಪಾಡು ನಮ್ಮದೇ ಕಾರ್ಖಾನೆಯಲ್ಲಿ ಆದದ್ದು.

ಬೊಫೋರ್ಸ್‌ನ ಕಥೆ ಇದಕ್ಕೆ ತಿರುವು. 1986ರಲ್ಲಿ ಸ್ವೀಡನ್ನಿನಿಂದ 410 ಹೌವಿಟ್ಜರ್‌ಗಳನ್ನು ಕೊಂಡದ್ದು, ಮರುವರ್ಷ ಲಂಚದ ಹಗರಣ ಸಿಡಿದದ್ದು ಎಲ್ಲರಿಗೂ ತಿಳಿದದ್ದೇ. ಹಗರಣದ ಗಲಾಟೆಯಲ್ಲಿ ಮರೆಯಾದ ಒಂದು ಸಂಗತಿ ಎಂದರೆ, ಫಿರಂಗಿಯ ವಿನ್ಯಾಸದ ದಾಖಲೆಗಳೂ ಭಾರತಕ್ಕೆ ಬಂದಿದ್ದವು. ಅವು ಕಪಾಟಿನಲ್ಲಿ ಉಳಿದವು. ಕಂಪನಿಯೊಂದಿಗೆ ವ್ಯವಹಾರ ನಿಂತು ಬಿಡಿಭಾಗ ಸಿಗದಾದಾಗ ಒಂದು ಫಿರಂಗಿಯ ಭಾಗ ಕಳಚಿ ಇನ್ನೊಂದಕ್ಕೆ ಹಾಕಿದ್ದೂ ಉಂಟು. 1999ರಲ್ಲಿ ಕಾರ್ಗಿಲ್ಲಿನ ಶಿಖರಗಳ ಮೇಲೆ ಗುಂಡಿನ ಮಳೆ ಸುರಿಸಿದ್ದು ಇವೇ ಫಿರಂಗಿಗಳು. ಆ ದಾಖಲೆಗಳ ಆಧಾರದ ಮೇಲೆ ಜಬಲ್ಪುರದಲ್ಲಿ ‘ಧನುಷ್’ ತಯಾರಾಗಿ ಮೊದಲ ಆರು ಫಿರಂಗಿಗಳು ಸೇನೆಗೆ ಸೇರಿದ್ದು 2019ರ ಏಪ್ರಿಲ್‌ನಲ್ಲಿ. ನಡುವೆ ಕಳೆದುಹೋದದ್ದು ಮೂವತ್ತಕ್ಕೂ ಹೆಚ್ಚು ವರ್ಷ. ಬದಲಿಯೇ ಅಗತ್ಯವಾದ ಕಡೆ ಕೊರಿಯಾದ ವಿನ್ಯಾಸದ ಕೆ–9 ವಜ್ರ ಬಂತು. 2017ರ ಒಪ್ಪಂದದಂತೆ 100 ವಾಹನಗಳನ್ನು ಎಲ್ ಅಂಡ್ ಟಿ ಗುಜರಾತಿನ ಹಜೀರಾದಲ್ಲಿ ತಯಾರಿಸಿ 2021ರ ವೇಳೆಗೆ ಒಪ್ಪಿಸಿತು. 2024ರ ಡಿಸೆಂಬರಿನಲ್ಲಿ ಮತ್ತೊಂದು ಒಪ್ಪಂದವಾಯಿತು.

ಎತ್ತಿನ ನೇರ ಉತ್ತರಾಧಿಕಾರಿ ಎಂದರೆ ಫಿರಂಗಿ ಎಳೆಯುವ ಲಾರಿ. ಬೊಫೋರ್ಸ್ ಜೊತೆ ಸ್ವೀಡನ್ನಿನ ಸ್ಕ್ಯಾನಿಯಾ ಲಾರಿಗಳು ಬಂದಿದ್ದವು. ಸೇನೆಯ ಬೆನ್ನೆಲುಬಾದ ಟಾಟ್ರಾ ವಾಹನಗಳಿಗಾಗಿ ಬೆಮೆಲ್ 1986ರಲ್ಲಿ ಅಂದಿನ ಜೆಕೊಸ್ಲೊವಾಕಿಯಾದೊಂದಿಗೆ ಒಪ್ಪಂದ ಮಾಡಿಕೊಂಡಿತು. ಫಿರಂಗಿ ಎಳೆಯಲೆಂದೇ ವಿಶೇಷ ವಾಹನಗಳಿಗೆ 2023ರಲ್ಲಿ ಅಶೋಕ್ ಲೇಲ್ಯಾಂಡ್‌ಗೆ ಆದೇಶ ಸಿಕ್ಕಿತು. ಲಾರಿಗೆ ಮೇವು ಬೇಡ. ಆದರೆ ಬಿಡಿಭಾಗ ಬೇಕು, ನಕ್ಷೆ ಬೇಕು, ಅದನ್ನು ಬಿಚ್ಚಿ ಜೋಡಿಸಬಲ್ಲ ಕೈ ಬೇಕು. ಇದು ಇಂದಿನ ಕಾವಲು.

ಹಳೆಯ ಕಾವಲು ಏನಾಯಿತು? ಈ ಭಾಗದಲ್ಲಿ ಬಹಳಷ್ಟು ಹುಲ್ಲುಗಾವಲು ಸಾಗುವಳಿಗೂ ನೆಡುತೋಪಿಗೂ ಹೋಯಿತು. ತಿಪಟೂರಿನ ಪಕ್ಕದ ಕೊನೇಹಳ್ಳಿಯಂಥ ಕಡೆ ಮಾತ್ರ ಕಾವಲಿನ ನೆನಪು ಉಳಿದಿದೆ. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗೆ ನಾಲ್ಕು ಸಾವಿರ ಎಕರೆಗೂ ಹೆಚ್ಚು ನೆಲ ಸೇರಿ, 2017ರಲ್ಲಿ ಅಲ್ಲಿ ವಿಮಾನ ಪರೀಕ್ಷಾ ಕ್ಷೇತ್ರ ಆರಂಭವಾಯಿತು. ಕುರಿ ದನ ಮೇಯಿಸುತ್ತಿದ್ದ ಹಳ್ಳಿಗರು ನ್ಯಾಯಮಂಡಳಿಯ ತನಕ ಹೋದರು. ಪಕ್ಕದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಅಲ್ಲಿ ತಯಾರಾಗಲಿರುವ ಲಘು ಹೆಲಿಕಾಪ್ಟರ್ ಮುಪ್ಪಾದ ಚೀತಾ, ಚೇತಕ್‌ಗಳಿಗೆ ಬದಲಿ. ಅದಕ್ಕೂ ಮೊದಲು ಚೀತಾಗೆ ಹೊಸ ಎಂಜಿನ್ ಹಾಕಿ ‘ಚೀತಲ್’ ಎಂದು ಹಾರಿಸಿ ನೋಡಿದ್ದೂ ಆಗಿತ್ತು. ಸೇನೆಗೆ ಈ ನೆಲ ಬೇಕಾಗುವುದು ನಿಂತಿಲ್ಲ. ಹುಲ್ಲು ಮಾತ್ರ ಬೇಕಾಗಿಲ್ಲ.

ಎತ್ತು? ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಲ್ಲಿ ಹೋರಿಗರುಗಳ ಹರಾಜು ನಡೆಯುತ್ತದೆ. ಹಗ್ಗ ಕಾಣದೆ ಬೆಳೆದ ಗರುಗಳು ಆ ದಿನ ಅಂಕೆಗೆ ಸಿಗದೆ ಎಗರಾಡುತ್ತವೆ. ಈಗ ಕೂಗಿ ಕೊಳ್ಳುವವರು ಉಳುಮೆಯ ರೈತರು ಮತ್ತು ಹಾವೇರಿ ಕಡೆಯ ಹೋರಿ ಹಬ್ಬದವರು.