ಫ್ರಿಜ್ಜಿನೊಳಗೆ ಒಂದು ಚಳಿಗಾಲ

ನಮ್ಮ ಚಿಕ್ಕಮ್ಮನ ಮನೆ ಕೊಳತ್ತೂರಿನ ಹತ್ತಿರ, ಮೆಟ್ಟೂರಿನಿಂದ ಪಾಲಾರ್ ಕಡೆ ಹೋಗುವ ದಾರಿಯಲ್ಲಿ. ಅದೇ ದಾರಿ ಹಿಡಿದು ಹೋದರೆ ಮಲೆ ಮಹದೇಶ್ವರ ಬೆಟ್ಟ. ಮನೆಯೊಳಗೆ ಕನ್ನಡ, ಸಂತೆಯಲ್ಲಿ ತಮಿಳು, ಜಗಳಕ್ಕೆ ಎರಡೂ. ಹಿತ್ತಲಿಗೆ ಹೊಂದಿಕೊಂಡಂತೆ ಅರ್ಧ ಎಕರೆ ಸುಗಂಧರಾಜ. ಚಿಕ್ಕಮ್ಮನ ಮೊಮ್ಮಗಳು ಆರನೇ ಕ್ಲಾಸು. ನಾನು ಅವಳಿಗೆ ದೊಡ್ಡಪ್ಪ.

ಅವರ ನಡುಮನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇತ್ತು. ವರ್ಷ ಮುಗಿದಿದ್ದರೂ ಚಿತ್ರ ಚೆನ್ನಾಗಿದೆ ಅಂತ ಯಾರೂ ತೆಗೆದಿರಲಿಲ್ಲ. ಶ್ರೀನಗರದ ಟ್ಯೂಲಿಪ್ ತೋಟದ ಚಿತ್ರ ಅದು. ದಾಲ್ ಸರೋವರದ ಪಕ್ಕ, ಜಬರ್ವಾನ್ ಬೆಟ್ಟದ ಬುಡದಲ್ಲಿ, 2007ರಲ್ಲಿ ತೆರೆದ ತೋಟ. ಈಗ ಅಲ್ಲಿ 15 ಲಕ್ಷಕ್ಕೂ ಹೆಚ್ಚು ಗಡ್ಡೆ ನೆಡುತ್ತಾರೆ. ಕೆಂಪು ಒಂದು ಪಟ್ಟೆ, ಹಳದಿ ಒಂದು ಪಟ್ಟೆ, ಯಾರೋ ಸೀರೆ ಒಣಗಹಾಕಿದ ಹಾಗೆ.

"ದೊಡ್ಡಪ್ಪ, ಇದನ್ನ ನಮ್ಮ ತೋಟದಲ್ಲಿ ಹಾಕಿದರೆ ಬರಲ್ವಾ? ಸೇಲಂ ಮಾರ್ಕೆಟ್ಟಿಗೆ ಕೊಟ್ಟರೆ ತಾತನಿಗೆ ಎಷ್ಟು ದುಡ್ಡು ಬರುತ್ತೆ!"

ಬರಲ್ಲ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಯಾಕೆ ಬರಲ್ಲ ಎಂದು ಅವಳು ಮುಂದೆ ಕೇಳದೆ ಬಿಡುವವಳಲ್ಲ. ಬೆಂಗಳೂರಿನ ಬೀಜದಂಗಡಿಯೊಂದರಿಂದ ಹತ್ತು ಗಡ್ಡೆ ತಂದುಕೊಟ್ಟೆ. ನೋಡಿದರೆ ಥೇಟ್ ಈರುಳ್ಳಿ. ಚಿಕ್ಕಮ್ಮ ಮೂಸಿ ನೋಡಿ, "ಇದಕ್ಕೆ ಅಷ್ಟು ದುಡ್ಡು ಕೊಟ್ಟೆಯಾ?" ಅಂದರು.

ಹತ್ತರಲ್ಲಿ ಒಂದನ್ನು ಬಲಿಕೊಟ್ಟೆವು. ಈಳಿಗೆಮಣೆಯ ಮೇಲಿಟ್ಟು ನೆತ್ತಿಯಿಂದ ಬುಡಕ್ಕೆ ಎರಡು ಹೋಳು. ಹೊರಗೆ ಕಂದುಬಣ್ಣದ ತೆಳು ಸಿಪ್ಪೆ. ಒಳಗೆ ಒಂದರ ಮೇಲೊಂದು ಹೊದ್ದ ದಪ್ಪ ಬಿಳಿ ಪದರಗಳು. ಈರುಳ್ಳಿಯಲ್ಲೂ ಹೀಗೇ ಇರುತ್ತದಲ್ಲ, ಆ ಪದರಗಳು ನಿಜವಾಗಿ ಎಲೆಗಳೇ. ಊಟದ ಡಬ್ಬಿಗಳಾಗಿ ಮಾರ್ಪಟ್ಟ ಎಲೆಗಳು. ತಳದಲ್ಲಿ ಗಟ್ಟಿಯಾದ ಬಿಲ್ಲೆ. ಬೇರು ಹೊರಡುವುದು ಅಲ್ಲಿಂದ. ನಟ್ಟನಡುವೆ ತಿಳಿಹಳದಿ ಮೊಳಕೆ. ಅದನ್ನು ಸೂಜಿಯಿಂದ ಬಿಡಿಸಿ ಭೂತಗನ್ನಡಿ ಹಿಡಿದಾಗ ಹುಡುಗಿ ಉಸಿರು ಬಿಗಿಹಿಡಿದಳು. ಅಕ್ಕಿಕಾಳಿನಷ್ಟು ದೊಡ್ಡ ಹೂವು! ಆರು ದಳ, ಆರು ಕೇಸರ, ಮಧ್ಯೆ ಒಂದು ಮೂರು ಮೂಲೆಯ ಕಾಯಿ. ಬಣ್ಣ ಮಾತ್ರ ಬಂದಿರಲಿಲ್ಲ.

ನೆಡುವ ಮೊದಲೇ ಹೂವು ತಯಾರಾಗಿ ಕೂತಿತ್ತು. ಗಡ್ಡೆಯನ್ನು ನೆಲದಿಂದ ಕಿತ್ತ ಮೇಲೆ, ಬೇಸಿಗೆಯ ಬೆಚ್ಚಗಿನ ವಾರಗಳಲ್ಲಿ ಟ್ಯೂಲಿಪ್ ಈ ಕೆಲಸ ಮುಗಿಸಿಬಿಡುತ್ತದೆ.

"ಹಾಗಾದರೆ ಇದು ನಮ್ಮ ನಂದಿ ಥರ," ಅಂದಳು.

ಮೆಟ್ಟೂರಿನ ಮಕ್ಕಳಿಗೆ ಆ ನಂದಿ ಗೊತ್ತು. 1934ರಲ್ಲಿ ಅಣೆಕಟ್ಟು ಮುಗಿದು ಕಾವೇರಿ ನಿಂತಾಗ ಹಲವು ಊರುಗಳು ಮುಳುಗಿದವು. ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿದರೆ ಪಣ್ಣವಾಡಿ ಕಡೆ ಜಲಕಂಠೇಶ್ವರ ಗುಡಿಯ ನಂದಿ ಮೆಲ್ಲಗೆ ತಲೆ ಎತ್ತುತ್ತದೆ. ಹೋಲಿಕೆ ಚೆನ್ನಾಗಿದೆ, ಆದರೆ ಪೂರ್ತಿ ಸರಿಯಲ್ಲ ಅಂದೆ. ಕಲ್ಲಿನ ನಂದಿ ನೀರೊಳಗೆ ಸುಮ್ಮನೆ ಕೂತಿರುತ್ತದೆ. ಗಡ್ಡೆ ಮಲಗಿದಂತೆ ಕಾಣುತ್ತದೆ ಅಷ್ಟೇ, ಒಳಗೆ ಅದು ಲೆಕ್ಕ ಹಾಕುತ್ತಿರುತ್ತದೆ.

ಏನು ಲೆಕ್ಕ? ಚಳಿಯ ಲೆಕ್ಕ.

ಟ್ಯೂಲಿಪ್‌ನ ತವರು ಮಧ್ಯ ಏಷ್ಯಾದ ಬೆಟ್ಟಗಳು, ಪಾಮಿರ್ ಮತ್ತು ಟಿಯೆನ್ ಶಾನ್ ಸೀಮೆ. ಅಲ್ಲಿ ಚಳಿಗಾಲ ಎಂದರೆ ಹಿಮ. ಮಳೆ ಬಂತು, ಒಂದೆರಡು ದಿನ ಬಿಸಿಲೂ ಬಂತು ಎಂದು ಅವಸರಪಟ್ಟು ಮೊಳಕೆ ಹೊರಗಿಟ್ಟರೆ ಮುಂದಿನ ವಾರ ಹಿಮ ಬಿದ್ದು ಸತ್ತೇಹೋಗುತ್ತದೆ. ಅದಕ್ಕೇ ಗಡ್ಡೆ ಒಂದು ಬಿಗಿಯಾದ ನಿಯಮ ಇಟ್ಟುಕೊಂಡಿದೆ: ಸುಮಾರು 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ 12ರಿಂದ 16 ವಾರ ಕಳೆಯಬೇಕು. ಅಷ್ಟು ಕಳೆದರೆ ಚಳಿಗಾಲ ನಿಜವಾಗಿ ಮುಗಿದಿದೆ ಎಂದರ್ಥ. ಆಮೇಲೆ ಬೆಚ್ಚಗಾದರೆ ಏಳುತ್ತದೆ.

ಆ ವಾರಗಳಲ್ಲಿ ಗಡ್ಡೆಯೊಳಗೆ ಅಡುಗೆ ನಡೆಯುತ್ತಿರುತ್ತದೆ. ಬಿಳಿ ಪದರಗಳಲ್ಲಿ ತುಂಬಿರುವ ಪಿಷ್ಟ ಒಡೆದು ಸಕ್ಕರೆಯಾಗುತ್ತದೆ. ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿ ಬಹಳ ದಿನ ಮರೆತುಬಿಟ್ಟು ಆಮೇಲೆ ಪಲ್ಯ ಮಾಡಿ ನೋಡಿ, ಸಿಹಿಯಾಗಿರುತ್ತದೆ. ಅಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ದಂಟು ಉದ್ದಕ್ಕೆ ಬೆಳೆಯಲು ಬೇಕಾದ ರಸಗಳು ಸಜ್ಜಾಗುವುದೂ ಚಳಿಯಲ್ಲೇ. ಚಳಿ ಸಾಲದಿದ್ದರೆ ದಂಟು ಗಿಡ್ಡಾಗಿ, ಮೊಗ್ಗು ಎಲೆಗಳ ಮಧ್ಯೆಯೇ ಒಣಗುತ್ತದೆ.

ಮೆಟ್ಟೂರಿನಲ್ಲಿ ಅಂಥ ಚಳಿ ಎಲ್ಲಿಂದ ತರೋಣ? ಡಿಸೆಂಬರಿನ ಬೆಳಗ್ಗೆ ನಾಲ್ಕು ಗಂಟೆಗೆ ಚಿಕ್ಕಮ್ಮ ತಲೆಗೆ ಟವೆಲ್ ಸುತ್ತಿಕೊಳ್ಳುತ್ತಾರೆ, ಅಷ್ಟೇ ಇಲ್ಲಿನ ಚಳಿಗಾಲ. "ಏರ್ಕಾಡಿನಲ್ಲಿ ಹಾಕಿದರೆ?" ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ. ಸೇಲಂ ಪಕ್ಕದ ಏರ್ಕಾಡು ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರ. ಶ್ರೀನಗರ ಎಷ್ಟು ಗೊತ್ತಾ? ಅದೂ 1,600 ಮೀಟರಿನ ಆಸುಪಾಸೇ! ಎತ್ತರ ಹೆಚ್ಚುಕಡಿಮೆ ಒಂದೇ. ಆದರೂ ಅಲ್ಲಿ ದಾಲ್ ಸರೋವರ ಹೆಪ್ಪುಗಟ್ಟುತ್ತದೆ, ಇಲ್ಲಿ ಒಂದು ಸ್ವೆಟರ್ ಸಾಕು. ಗ್ಲೋಬ್ ತೆಗೆದು ನೋಡಿ. ಏರ್ಕಾಡು ಸಮಭಾಜಕದಿಂದ ಬರೀ 12 ಡಿಗ್ರಿ ಉತ್ತರಕ್ಕಿದೆ, ಶ್ರೀನಗರ 34 ಡಿಗ್ರಿ. ಡಿಸೆಂಬರಿನಲ್ಲಿ ನಮ್ಮ ಸೂರ್ಯ ಮಧ್ಯಾಹ್ನ ಸಾಕಷ್ಟು ಮೇಲೇರುತ್ತಾನೆ. ಶ್ರೀನಗರದಲ್ಲಿ ದಿಗಂತದ ಕಡೆ ವಾಲಿಕೊಂಡು, ಬಂದ ಕೆಲಸ ಬೇಗ ಮುಗಿಸಿ ಮುಳುಗುತ್ತಾನೆ. ಹಾಗಾಗಿ ಬೆಟ್ಟ ಹತ್ತಿದ ಮಾತ್ರಕ್ಕೆ ಕಾಶ್ಮೀರ ಸಿಗುವುದಿಲ್ಲ.

ಉಳಿದದ್ದು ಫ್ರಿಜ್ಜು. ಒಂಬತ್ತು ಗಡ್ಡೆಗಳನ್ನು ಕಾಗದದ ಚೀಲಕ್ಕೆ ಹಾಕಿ ತರಕಾರಿ ಡಬ್ಬದಲ್ಲಿಟ್ಟೆವು. ಹುಡುಗಿ ಚೀಲದ ಮೇಲೆ "ತಿನ್ನಬಾರದು" ಎಂದು ಎರಡು ಭಾಷೆಯಲ್ಲಿ ಬರೆದಳು. ಹದಿನಾಲ್ಕು ವಾರ ಕಾದು ಕುಂಡಗಳಲ್ಲಿ ನೆಟ್ಟೆವು. ಎಲೆಗಳೇನೋ ಬಂದವು. ಹೂವು ಒಂದೂ ಇಲ್ಲ! ಎಲೆ ಬಿಡಿಸಿ ನೋಡಿದರೆ ಒಳಗೆ ಹಳೇ ಕಾಗದದ ಚೂರಿನಂಥ ಒಣ ಮೊಗ್ಗು.

ತಪ್ಪು ನನ್ನದೇ. ಗಡ್ಡೆಯ ಜೊತೆ ಅದೇ ಡಬ್ಬದಲ್ಲಿ ನಾನೇ ತಂದ ಸೇಬು ಇತ್ತು. ಹಣ್ಣಾಗುವ ಸೇಬು ಎಥಿಲೀನ್ ಎಂಬ ಅನಿಲ ಬಿಡುತ್ತದೆ. ಬಾಳೆಗೊನೆಗೆ ಮುಚ್ಚಿದ ಗುಂಡಿಯಲ್ಲಿ ಹೊಗೆ ಹಾಕಿ ಹಣ್ಣು ಮಾಡುವುದನ್ನು ಹಳ್ಳಿಯ ಮಕ್ಕಳು ನೋಡಿರಬಹುದು. ಆ ಹೊಗೆಯಲ್ಲೂ ಎಥಿಲೀನ್ ಇರುತ್ತದೆ. ಬಾಳೆಕಾಯಿಗೆ 'ಹಣ್ಣಾಗು' ಎನ್ನುವ ಅದೇ ಅನಿಲ ಗಡ್ಡೆಯೊಳಗಿನ ಅಕ್ಕಿಕಾಳಿನ ಹೂವನ್ನು ಕೊಂದುಬಿಡುತ್ತದೆ. ನನಗೆ ಇದು ಓದಿ ಗೊತ್ತಿತ್ತು. ಸೇಬು ಇಡುವಾಗ ನೆನಪಾಗಲಿಲ್ಲ.

ಹಾಲೆಂಡಿನವರಿಗೆ ಈ ಗಡ್ಡೆಗಳೇ ದೊಡ್ಡ ವ್ಯಾಪಾರ. ಅಲ್ಲಿ ಗಡ್ಡೆ ಬೆಳೆಯುವ ರೈತರು ಹೂವು ಅರಳಿದ ಕೂಡಲೇ ಯಂತ್ರ ಓಡಿಸಿ ಹೊಲದ ತುಂಬ ಹೂವಿನ ತಲೆ ಕತ್ತರಿಸಿ ಬಿಸಾಡುತ್ತಾರೆ. ಕೇಳಿ ನಮ್ಮ ಚಿಕ್ಕಪ್ಪನಿಗೆ ಹೊಟ್ಟೆ ಉರಿದುಹೋಯಿತು. ಬೀಜ ಕಟ್ಟಲು ಹೋಗುವ ಊಟವೆಲ್ಲ ಗಡ್ಡೆಗೆ ಇಳಿಯಲಿ ಎಂದು ಹಾಗೆ ಮಾಡುವುದು. ಅದೇ ದೇಶದಲ್ಲಿ ಹಿಂದೆ ಟ್ಯೂಲಿಪ್ ಹುಚ್ಚು ಹಿಡಿದಿತ್ತು; ಒಂದೊಂದು ಗಡ್ಡೆಗೆ ಮನೆಯ ಬೆಲೆ ಏರಿ, 1637ರ ಫೆಬ್ರವರಿಯಲ್ಲಿ ದಿಢೀರನೆ ಕುಸಿಯಿತು. ಜನ ಮುಗಿಬಿದ್ದದ್ದು ಬಿಳಿಯ ಮೇಲೆ ಕೆಂಪು ಗೆರೆಗಳ ಹೂವಿಗೆ. ಗಿಡಹೇನು ಹರಡುವ ಒಂದು ವೈರಸ್ ಆ ಗೆರೆ ಬರೆಯುತ್ತಿತ್ತು ಎಂದು ಗೊತ್ತಾದದ್ದು ಸುಮಾರು ಮುನ್ನೂರು ವರ್ಷ ಕಳೆದ ಮೇಲೆ. ಕಾಯಿಲೆ ಬಿದ್ದ ಹೂವಿಗೇ ಹೆಚ್ಚು ಬೆಲೆ!

ಈಗ ಹಿತ್ತಲಿಗೆ ಬನ್ನಿ. ಸುಗಂಧರಾಜವೂ ಗಡ್ಡೆಯಿಂದಲೇ ಬರುವುದು, ಆದರೆ ಅದರ ತವರು ಮೆಕ್ಸಿಕೊ. ಚಳಿಯ ಹಂಗು ಅದಕ್ಕಿಲ್ಲ. ಬಿಸಿಲು, ಹದವಾದ ನೀರು, ನೀರು ನಿಲ್ಲದ ಮಣ್ಣು ಸಿಕ್ಕರೆ ನೆಟ್ಟ ಮೂರು ತಿಂಗಳಿಗೆಲ್ಲ ದಂಟು ಎತ್ತುತ್ತದೆ. ಒಮ್ಮೆ ಹೂ ಬಿಟ್ಟ ಗಡ್ಡೆಯ ಕತೆ ಅಲ್ಲಿಗೆ ಮುಗಿಯಿತು; ಅಷ್ಟರಲ್ಲಿ ಸುತ್ತ ಮರಿಗಡ್ಡೆಗಳು ಹುಟ್ಟಿರುತ್ತವೆ, ಮುಂದಿನ ಹೂವು ಅವುಗಳದ್ದು. ಹೀಗೆ ಒಮ್ಮೆ ನೆಟ್ಟ ಮಡಿ ಎರಡು ಮೂರು ವರ್ಷ ನಡೆಯುತ್ತದೆ. ತಮಿಳಿನಲ್ಲಿ ಇದು ನಿಲಸಂಪಂಗಿ, ಅಂದರೆ ನೆಲದ ಸಂಪಿಗೆ. ಇಂಗ್ಲಿಷಿನ ಟ್ಯೂಬ್‌ರೋಸ್ ಎಂಬ ಹೆಸರಿನಲ್ಲಿ ಟ್ಯೂಬೂ ಇಲ್ಲ, ರೋಸೂ ಇಲ್ಲ; ಗಡ್ಡೆಯುಳ್ಳದ್ದು ಎನ್ನುವ ಲ್ಯಾಟಿನ್ ಮಾತು ಬಾಯಿಂದ ಬಾಯಿಗೆ ಸವೆದು ಹಾಗಾಯಿತು. ಇದರ ನಿಜವಾದ ನೆಂಟ ಬೇಲಿಯಲ್ಲಿರುವ ಕತ್ತಾಳೆ. ಸಸ್ಯವಿಜ್ಞಾನಿಗಳು ಈಗ ಇದನ್ನು ಕತ್ತಾಳೆಯ ಕುಲಕ್ಕೇ ಸೇರಿಸಿ ಅಗೇವ್ ಅಮೀಕಾ ಎಂದು ಕರೆಯುತ್ತಾರೆ. ಆ ಮುಳ್ಳಪ್ಪನಿಗೆ ಇಂಥ ತಂಗಿ!

ಚಿಕ್ಕಪ್ಪ ಹಾಕಿರುವುದು ಪ್ರಜ್ವಲ್ ತಳಿ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೆಳೆಸಿದ್ದು. ಶೃಂಗಾರ್ ಎನ್ನುವ ತಮ್ಮದೇ ತಳಿಯನ್ನು ಮೆಕ್ಸಿಕನ್ ಸಿಂಗಲ್ ಜೊತೆ ಬೆರಕೆ ಮಾಡಿ ತೆಗೆದರು. ಮೊಗ್ಗಿನ ತುದಿ ನಸುಗೆಂಪು, ಅರಳಿದರೆ ಬಿಳಿ. ಹಗಲಿನಲ್ಲಿ ಮೂಸಿದರೆ ಘಮ ಅಷ್ಟಕ್ಕಷ್ಟೆ. ಸಂಜೆ ಏಳರ ಮೇಲೆ ಹಿತ್ತಲ ಬಾಗಿಲು ತೆರೆದರೆ ಸಾಕು. ಆ ಪರಿಮಳ ನಮಗಾಗಿ ಅಲ್ಲ, ಉದ್ದ ಸೊಂಡಿಲಿನ ಪತಂಗಗಳಿಗೆ. ಕತ್ತಲಲ್ಲಿ ಬಣ್ಣ ಕಾಣಿಸುವುದಿಲ್ಲ, ಬಿಳುಪು ಮತ್ತು ವಾಸನೆ ಮಾತ್ರ ದಾರಿ ತೋರಿಸುತ್ತವೆ.

ಹೂ ಬಿಡಿಸುವುದು ನಸುಕಿನಲ್ಲಿ. ದಂಟಿನಲ್ಲಿ ಕೆಳಗಿನ ಹೂವು ಮೊದಲು, ಮೇಲಿನದು ಆಮೇಲೆ, ಹಾಗಾಗಿ ದಿನಾ ಅದೇ ಸಾಲಿಗೆ ಬರಬೇಕು. ನನ್ನ ಸೊಂಟ ಅರ್ಧ ಗಂಟೆಗೆ ಶರಣಾಯಿತು. ಬಿಡಿಸಿದ ಹೂವನ್ನು ಒದ್ದೆ ಬಟ್ಟೆ ಸುತ್ತಿದ ಬುಟ್ಟಿಗೆ ತುಂಬುತ್ತಾರೆ. ಅವತ್ತು ಚಿಕ್ಕಪ್ಪ ಹುಡುಗಿಯ ಕೈಯನ್ನು ಬುಟ್ಟಿಯ ನಡುವಿಗೆ ತೂರಿಸಿದರು. "ತಾತ, ಒಳಗೆ ಬಿಸಿ!" ಅಂದಳು.

ಕಿತ್ತ ಹೂವು ಸತ್ತಿಲ್ಲ, ಇನ್ನೂ ಉಸಿರಾಡುತ್ತಿದೆ. ತನ್ನಲ್ಲಿರುವ ಸಕ್ಕರೆಯನ್ನು ಉರಿಸುತ್ತಿದೆ, ಆ ಕಾವೇ ಕೈಗೆ ತಾಗಿದ್ದು. ಬಿಸಿಯಾದಷ್ಟೂ ಉಸಿರಾಟ ಜೋರು, ಜೋರಾದಷ್ಟೂ ಮತ್ತೆ ಬಿಸಿ. ಬೇಗ ಬಾಡುವುದು ಹೀಗೆ. ಒದ್ದೆ ಬಟ್ಟೆಯ ನೀರು ಆವಿಯಾಗುತ್ತ ಆ ಕಾವನ್ನು ಹೊತ್ತೊಯ್ಯುತ್ತದೆ, ಮಣ್ಣಿನ ಮಡಕೆ ನೀರು ತಣ್ಣಗಿಡುವ ಹಾಗೆ. ಹೂವಿನ ವ್ಯಾಪಾರ ಎಂದರೆ ಬಿಸಿಲಿನ ಜೊತೆ ಓಟ. ಬೆಲೆಯನ್ನೋ ಪಂಚಾಂಗ ಆಳುತ್ತದೆ: ತಮಿಳರ ಆಡಿ ತಿಂಗಳಲ್ಲಿ ಮದುವೆಯಿಲ್ಲ, ಹೂವು ಅಗ್ಗ. ನಡುವೆ ಆಡಿ ಹದಿನೆಂಟು ಬಂದು, ಜನ ಕಾವೇರಿ ಪೂಜೆಗೆಂದು ಮೆಟ್ಟೂರಿಗೆ ನುಗ್ಗಿದ ದಿನ ಅದೇ ಹೂವಿಗೆ ಎಲ್ಲಿಲ್ಲದ ಗಿರಾಕಿ.

ಮರುವರ್ಷ ಮತ್ತೆ ಹತ್ತು ಗಡ್ಡೆ. ಹೊಸದನ್ನೇ ಕೊಳ್ಳಬೇಕಾಯಿತು, ನಮ್ಮ ಸೆಕೆಯಲ್ಲಿ ಹಳೆಯವು ಸೊರಗಿ ಬೆಳ್ಳುಳ್ಳಿ ಎಸಳಿನಷ್ಟಾಗಿದ್ದವು. ಈ ಸಲ ಫ್ರಿಜ್ಜಿಗೆ ಹಣ್ಣು ಬಂದ್. ಜನವರಿ ಕೊನೆಗೆ ಮೂರು ಹೂವು ಬಂದವು, ಗಿಡ್ಡ ದಂಟಿನ ಕೆಂಪು ಹೂವು. ಟ್ಯೂಲಿಪ್ ದಳದ ಒಳಮೈ ಬಿಸಿಗೆ ಬೇಗ ಬೆಳೆಯುತ್ತದೆ, ಹೊರಮೈ ತಂಪಿಗೆ. ಅದಕ್ಕೇ ಬೆಚ್ಚಗಾದರೆ ಅರಳುತ್ತದೆ, ತಣ್ಣಗಾದರೆ ಮುಚ್ಚುತ್ತದೆ. ನಮ್ಮ ಮಧ್ಯಾಹ್ನಕ್ಕೆ ಮೊದಲನೆಯದು ತಟ್ಟೆಯ ಹಾಗೆ ಬಾಯಿಬಿಟ್ಟು, ಮೂರನೇ ದಿನಕ್ಕೆ ದಳ ಉದುರಿಸಿತು.

ಎರಡನೆಯದನ್ನು ಮೊಗ್ಗಿರುವಾಗಲೇ ಕತ್ತರಿಸಿ ಸೇಲಂನ ವ.ಉ.ಸಿ. ಹೂವಿನ ಮಾರುಕಟ್ಟೆಗೆ ಒಯ್ದಳು. ಸುಗಂಧರಾಜದ ಬುಟ್ಟಿ ತೂಗಿ ಮುಗಿದ ಮೇಲೆ ಮಂಡಿಯವರಿಗೆ ತೋರಿಸಿದಳು. ಅವರು ತಿರುಗಿಸಿ ಮುರುಗಿಸಿ ನೋಡಿ, ಮೂಸಿ, "ವಾಸನೆ ಇಲ್ಲವಲ್ಲಮ್ಮ. ಕಿಲೋ ಎಷ್ಟು?" ಎಂದು ಕೇಳುತ್ತ ತಕ್ಕಡಿಗೆ ಇಟ್ಟೇಬಿಟ್ಟರು. ಮುಳ್ಳು ಅಲ್ಲಾಡಲಿಲ್ಲ. ಪಕ್ಕದ ಕಟ್ಟೆಯಲ್ಲಿ ಮಾಲೆ ಕಟ್ಟುತ್ತಿದ್ದ ಅಜ್ಜಿ ಅದನ್ನು ಕೇಳಿ ಇಸಿದುಕೊಂಡು ಮುಡಿಗೆ ಸಿಕ್ಕಿಸಿಕೊಂಡರು, ಅವಳ ಕೈಗೆ ಹತ್ತು ರೂಪಾಯಿ ಇಟ್ಟರು. ಚಿಕ್ಕಪ್ಪ ವಾಪಸ್ ಬರುವಾಗ ಫ್ರಿಜ್ಜಿನ ಕರೆಂಟು ಬಿಲ್ಲಿನ ಲೆಕ್ಕ ಹಾಕಿ ನಗುತ್ತಿದ್ದರಂತೆ.

ಮೂರನೆಯದು ಮಾರಾಟಕ್ಕಿಲ್ಲ ಅಂದಳು. ಅದನ್ನು ಗಾಜಿನ ಲೋಟದಲ್ಲಿಟ್ಟು ಕಿಟಕಿಯ ಹತ್ತಿರ ಇಟ್ಟಿದ್ದಳು. ಎರಡು ದಿನ ಬಿಟ್ಟು ಫೋನ್ ಬಂತು.

"ದೊಡ್ಡಪ್ಪ, ಕತ್ತರಿಸಿದಾಗ ಸ್ಕೇಲಿನಲ್ಲಿ ಅಳೆದಿದ್ದೆ, ಹದಿನಾಲ್ಕು ಸೆಂಟಿಮೀಟರ್ ಇತ್ತು. ಈಗ ಹದಿನಾರೂವರೆ ಇದೆ! ಕಿಟಕಿ ಕಡೆ ಬೇರೆ ಬಗ್ಗಿದೆ. ಕತ್ತರಿಸಿದ ಮೇಲೂ ಬೆಳೆಯುತ್ತಾ?"

ಬೆಳೆಯುತ್ತೆ, ಟ್ಯೂಲಿಪ್ ಹಾಗೇ, ಅಂದೆ. ಲೋಟವನ್ನು ತಿರುಗಿಸಿ ಇಟ್ಟು ನಾಳೆ ಎತ್ತ ಬಗ್ಗಿದೆ ನೋಡು ಅಂತ ಹೇಳುವಷ್ಟರಲ್ಲಿ ಫೋನ್ ಇಟ್ಟಾಗಿತ್ತು.