ಎಮ್ಡನ್ನಿನ ನಾಲ್ಕನೆಯ ಹೊಗೆಕೊಳವೆ



ಮಹಾ ಚಾಲಾಕಿ ಮನುಷ್ಯನನ್ನು ಇಲ್ಲಿಯ ಹಳಬರು 'ಎಮ್ಡನ್' ಎನ್ನುವುದನ್ನು ನೀವು ಕೇಳಿರಬಹುದು. ಅದು ಜರ್ಮನ್ ಯುದ್ಧನೌಕೆಯೊಂದರ ಹೆಸರು. 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಮೇಲೆ ಗುಂಡು ಹಾರಿಸಿ, ಬರ್ಮಾ ಆಯಿಲ್ ಕಂಪನಿಯ ಟ್ಯಾಂಕುಗಳಿಗೆ ಬೆಂಕಿ ಹಚ್ಚಿ ಕತ್ತಲಲ್ಲಿ ಮಾಯವಾಯಿತು. ಹೈಕೋರ್ಟಿನ ಕಾಂಪೌಂಡ್ ಗೋಡೆಯಲ್ಲಿ ಅದರ ನೆನಪಿನ ಫಲಕವಿದೆ.

ಈ ನೌಕೆಗೆ ಇದ್ದದ್ದು ಮೂರೇ ಹೊಗೆಕೊಳವೆ. ಆದರೆ ಅಕ್ಟೋಬರ್ 28ರ ಬೆಳಗಿನ ಜಾವ ಪೆನಾಂಗ್ ಬಂದರಿಗೆ ನುಗ್ಗುವಾಗ, ಬ್ರಿಟಿಷರ ಹಡಗಿನಂತೆ ಕಾಣಲೆಂದು ನಾಲ್ಕನೆಯ ಸುಳ್ಳು ಕೊಳವೆಯೊಂದನ್ನು ಎತ್ತಿ ನಿಲ್ಲಿಸಿದ್ದರು. ಅಂದು ರಷ್ಯಾದ ಯುದ್ಧನೌಕೆ ಜೆಮ್‌ಚುಗ್ ಮುಳುಗಿತು.

ನಾನು ಮಾಡಹೊರಟದ್ದು ಆ ಬೆಳಗಿನ ಎಮ್ಡನ್. ಮೂಲ ಹಡಗು ಸುಮಾರು 118 ಮೀಟರ್. 350ರಲ್ಲಿ ಒಂದು ಪಾಲಿನ ಮಾದರಿ ಒಂದು ಅಡಿಗಿಂತ ತುಸು ಉದ್ದ, ಅಷ್ಟೇ. ನನ್ನ ಪೆಟ್ಟಿಗೆಯಲ್ಲಿ ಬಂದದ್ದು ಮೂರು ಕೊಳವೆ. ನಾಲ್ಕನೆಯದು, ಅದೂ ಕ್ಯಾನ್ವಾಸ್ ಬಟ್ಟೆಯದು, ನಾವೇ ಮಾಡಿಕೊಳ್ಳಬೇಕು. ಇಲ್ಲಿ ಕೈಹಿಡಿದದ್ದು ಎಪಾಕ್ಸಿ ಪುಟ್ಟಿ. ನಲ್ಲಿ ಸೋರಿದರೆ ಮೆತ್ತುವ ಎಂ-ಸೀಲ್ ಇದೇ ಜಾತಿಯದು. ಮಾದರಿ ಕೆಲಸಕ್ಕೆಂದೇ ಬರುವ ಮಿಲಿಪುಟ್‌ನಂಥದು ಇನ್ನೂ ನುಣುಪು.

ಎರಡು ಮುದ್ದೆಗಳನ್ನು ಸಮಸಮವಾಗಿ ತೆಗೆದುಕೊಂಡು, ಬಣ್ಣದ ಗೆರೆ ಒಂದೂ ಉಳಿಯದ ಹಾಗೆ ನಾದಬೇಕು. ಮೊದಲ ಸಲ ನಾನು ಅವಸರ ಮಾಡಿದೆ. ಮೂರು ದಿನವಾದರೂ ಕೊಳವೆಯ ಒಂದು ಕಡೆ ಅಂಟಂಟಾಗಿಯೇ ಉಳಿಯಿತು, ಕಿತ್ತು ಎಸೆದೆ. ಇನ್ನೊಂದು, ನಮ್ಮೂರಿನ ಸೆಕೆ. ಬಿಸಿ ಹೆಚ್ಚಿದಷ್ಟೂ ಪುಟ್ಟಿ ಬೇಗ ಬಿಗಿಯುತ್ತದೆ. ಮೇ ತಿಂಗಳಲ್ಲಿ ಗೋಲಿಯಷ್ಟಕ್ಕಿಂತ ಹೆಚ್ಚು ಕಲಸಲೇಬೇಡಿ.

ನಾದಿದ ಮೇಲೆ ಟಾಲ್ಕಂ ಪೌಡರ್ ಉದುರಿಸಿ, ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಹಪ್ಪಳದ ಹಾಗೆ ಲಟ್ಟಿಸಿ. ಕೂಡಲೇ ಸುತ್ತಿದರೆ ಹರಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ತೊಗಲಿನಂತೆ ಬಾಗುವ ಹದಕ್ಕೆ ಬಂದಾಗ ಪ್ಲಾಸ್ಟಿಕ್ ಕೊಳವೆಯ ತುಂಡಿಗೆ ಸುತ್ತಬೇಕು. ಹಲ್ಲುಕಡ್ಡಿಯನ್ನು ನೀರಿನಲ್ಲಿ ಅದ್ದಿ ಮೇಲಿಂದ ಕೆಳಕ್ಕೆ ಎಳೆದರೆ ಬಟ್ಟೆಯ ಸುಕ್ಕು ಮೂಡುತ್ತದೆ. ಸುಕ್ಕು ಮೂರೋ ನಾಲ್ಕೋ ಸಾಕು. ಈ ಅಳತೆಯಲ್ಲಿ ಮನುಷ್ಯನೇ ಐದು ಮಿಲಿಮೀಟರ್. ಸುಕ್ಕು ಜಾಸ್ತಿಯಾದರೆ ಕೊಳವೆಯಲ್ಲ, ಕಂಬಳಿ! ಕ್ಯಾನ್ವಾಸಿನಷ್ಟು ತೆಳುವಂತೂ ಬರುವುದಿಲ್ಲ. ಕಣ್ಣಿಗೆ ಬೀಳುವ ಮೇಲಿನ ಅಂಚನ್ನು ಮಾತ್ರ ಒಣಗಿದ ಮೇಲೆ ಉಜ್ಜಿ ತೆಳುವಾಗಿಸಿದರೆ ಪೂರ್ತಿ ಬಟ್ಟೆಯೇ ತೆಳುವಿದ್ದಂತೆ ತೋರುತ್ತದೆ.

ಮನೆಯಲ್ಲಿ ಮಕ್ಕಳು ಈ ಕೆಲಸಕ್ಕೆ ಕೂರುತ್ತಾರೆಂದು ಒಂದು ಮಾತು. ನಾನು ವರ್ಷಗಟ್ಟಲೆ ಬರಿಗೈಯಲ್ಲಿ ನಾದಿದೆ. ಏನೂ ಆಗಿರಲಿಲ್ಲ. ಆಮೇಲೊಂದು ದಿನ ಬೆರಳ ಸಂದಿಯೆಲ್ಲ ಕೆಂಪಾಗಿ ತುರಿಕೆ ಹತ್ತಿತು. ಚರ್ಮ ಒಮ್ಮೆ ಎಪಾಕ್ಸಿಯನ್ನು ಒಲ್ಲೆನೆಂದರೆ, ಮುಂದೆ ಚೂರು ತಗುಲಿದರೂ ಸಾಕು, ತುರಿಕೆ ಮರುಕಳಿಸುತ್ತದೆ. ಈಗ ಕೈಗವಸಿಲ್ಲದೆ ಡಬ್ಬಿ ತೆರೆಯುವುದಿಲ್ಲ. ಒಣಗಿದ್ದನ್ನು ಉಜ್ಜುವಾಗ ನೀರು ಹಚ್ಚಿ ಉಜ್ಜಿ, ಪುಡಿ ಮೂಗಿಗೆ ಹೋಗಬಾರದು. ಲಟ್ಟಣಿಗೆ ಬೇರೆಯದೇ ಇಟ್ಟುಕೊಳ್ಳಿ, ಅಡುಗೆಮನೆಯದನ್ನು ಮುಟ್ಟಿದರೆ ಮನೆಯವರ ಕೈಲಿ ನನಗಾದ ಮಂಗಳಾರತಿ ನಿಮಗೂ ಆದೀತು.

ನನ್ನ ಎಮ್ಡನ್ ಶೋಕೇಸಿನಲ್ಲಿದೆ. ನಾಲ್ಕನೆಯ ಕೊಳವೆ ತುಸು ಬಲಕ್ಕೆ ವಾಲಿದೆ. ಬಟ್ಟೆಯದಲ್ಲವೇ, ಗಾಳಿಗೆ ವಾಲಿರಬೇಕು ಎಂದು ಬಂದವರಿಗೆಲ್ಲ ಹೇಳುತ್ತೇನೆ.