ನಿದ್ದೆಯಿಂದ ಎದ್ದ ಕಂಪ್ಯೂಟರು, ಏಳದ ನೆಟ್‌ವರ್ಕ್ ಕಾರ್ಡು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



‘ಮಕ್ಕಳಿಗೆ ಉಪಯೋಗಕ್ಕೆ ಬರುವಂಥದ್ದು ಏನಾದರೂ ಹೇಳಪ್ಪ’ ಎಂದು ಮೇಷ್ಟ್ರು ಫೋನು ಮಾಡಿದ್ದರು. ಸಾಧನೆಯ ಮಾತು ನನ್ನ ಬಳಿ ಹೆಚ್ಚಿಲ್ಲ. ನಾನು ಮಾಡಿದ ಒಂದು ತಪ್ಪನ್ನೇ ಹೇಳುತ್ತೇನೆ.

2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರು ಬಿಟ್ಟು ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಮನೆಗೆ ಬಂದು ಕೆಲಸಕ್ಕೆ ಕೂತೆ. ಕರೆಂಟ್ ಹೋದಾಗ ಬ್ಯಾಟರಿ ಉಳಿಯಲಿ ಎಂದು ಲ್ಯಾಪ್‌ಟಾಪ್ ಮುಚ್ಚುತ್ತಿದ್ದೆ. ಕರೆಂಟ್ ಬಂದ ಮೇಲೆ ತೆರೆದರೆ ಬರೆದದ್ದೆಲ್ಲ ಹಾಗೇ ಇರುತ್ತಿತ್ತು, ಇಂಟರ್ನೆಟ್ ಮಾತ್ರ ಇರುತ್ತಿರಲಿಲ್ಲ. ‘ಈ ಊರಿನ ನೆಟ್‌ವರ್ಕೇ ಇಷ್ಟು’ ಎಂದು ಬೈಯುತ್ತಿದ್ದೆ. ‘ರೂಟರ್ ಪ್ಲಗ್ ಕಿತ್ತಿದ್ದೀರಾ?’ ಎಂದು ಅಪ್ಪನ ಮೇಲೂ ರೇಗುತ್ತಿದ್ದೆ. ಅವರು ಏನೂ ಹೇಳದೆ ಹೋಗಿ ಪ್ಲಗ್ ಅಲ್ಲಾಡಿಸಿ ಬರುತ್ತಿದ್ದರು. ನಾನು ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡುತ್ತಿದ್ದೆ, ಸರಿಹೋಗುತ್ತಿತ್ತು. ಮೂರು ವಾರ ಹೀಗೇ ನಡೆಯಿತು.

ಒಂದು ಸಂಜೆ ಅಕ್ಕನ ಮಗಳು ನನ್ನ ಲ್ಯಾಪ್‌ಟಾಪ್‌ನಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದಳು. ಅಂದೇ ಕೊನೆಯ ದಿನ. ಅರ್ಧಕ್ಕೆ ಕರೆಂಟ್ ಹೋಯಿತು, ಮುಚ್ಚಿಟ್ಟೆವು. ತೆರೆದಾಗ ಇಂಟರ್ನೆಟ್ ಇಲ್ಲ. ರೀಸ್ಟಾರ್ಟ್ ಮಾಡಿದರೆ ತುಂಬಿದ್ದೆಲ್ಲ ಹೋಗುತ್ತದೆ. ಎಂದಿನಂತೆ ಅಪ್ಪನನ್ನು ಕೂಗಿದೆ. ಈ ಶಾಲೆಯಲ್ಲಿ ಹತ್ತನೇ ತರಗತಿ ಓದುತ್ತಿದ್ದ ಆ ಹುಡುಗಿ ಮೆಲ್ಲಗೆ, ‘ಮಾಮ, ಇದೇ ವೈಫೈ ಫೋನಲ್ಲಿ ಬರ್ತಾ ಇದೆಯಲ್ಲ?’ ಅಂದಳು.

ಬಿ.ಇ. ಓದಿದ ನಾನು ಆ ಒಂದು ಪರೀಕ್ಷೆಯನ್ನು ಮಾಡಿರಲಿಲ್ಲ. ಫೋನಿಗೆ ಬರುತ್ತಿದೆ ಎಂದರೆ ರೂಟರ್ ಸರಿಯಿದೆ, ಊರಿನ ಲೈನೂ ಸರಿಯಿದೆ. ಕೆಟ್ಟಿರುವುದು ನನ್ನ ಲ್ಯಾಪ್‌ಟಾಪ್. ಕರೆಂಟ್ ಬಂದಾಗ ರೂಟರ್, ಲ್ಯಾಪ್‌ಟಾಪ್ ಎರಡೂ ಒಟ್ಟಿಗೆ ಏಳುತ್ತಿದ್ದವು. ಅದಕ್ಕೇ ಒಂದರ ತಪ್ಪನ್ನು ಇನ್ನೊಂದರ ತಲೆಗೆ ಕಟ್ಟಿದ್ದೆ.

ಇದು ಏಕೆ ಆಗುತ್ತದೆ? ನಮ್ಮ ಕಡೆಯ ಬೋರ್‌ವೆಲ್ ನೆನಪಿಸಿಕೊಳ್ಳಿ. ಕರೆಂಟ್ ಹೋದರೆ ಸ್ಟಾರ್ಟರ್ ಬಿಟ್ಟುಕೊಳ್ಳುತ್ತದೆ. ಕರೆಂಟ್ ಬಂದರೂ ಯಾರಾದರೂ ಬಟನ್ ಒತ್ತಬೇಕು, ಇಲ್ಲವೇ ಆಟೋ ಸ್ಟಾರ್ಟರ್ ಇರಬೇಕು. ಸಾಮಾನ್ಯವಾಗಿ ಕಂಪ್ಯೂಟರ್ ಸಸ್ಪೆಂಡ್ ಆದಾಗ ರ‍್ಯಾಮ್‌ಗೆ ಮಾತ್ರ ಸ್ವಲ್ಪ ವಿದ್ಯುತ್ ಸಿಗುತ್ತಿರುತ್ತದೆ. ಆದ್ದರಿಂದ ಬರೆದದ್ದು ಉಳಿಯುತ್ತದೆ. ನೆಟ್‌ವರ್ಕ್ ಕಾರ್ಡಿನ ವಿದ್ಯುತ್ ಹೋಗಿ ಅದರೊಳಗಿನ ಸೆಟ್ಟಿಂಗ್ ಅಳಿಸಿಹೋಗುತ್ತದೆ. ಎದ್ದ ಮೇಲೆ ಅದನ್ನೆಲ್ಲ ಮತ್ತೆ ತುಂಬುವುದು ಡ್ರೈವರ್ ಎಂಬ ಪ್ರೋಗ್ರಾಮಿನ ಕೆಲಸ. ಡ್ರೈವರ್ ಎಡವಿದರೆ ಕಾರ್ಡು ಇದ್ದೂ ಇಲ್ಲದಂತೆ.

ನನ್ನದು ಲಿನಕ್ಸ್. ಕರ್ನಲ್ ಬರೆದಿಟ್ಟ ಲಾಗ್ ತೆರೆದೆ. ಎದ್ದ ಕ್ಷಣದಲ್ಲೇ ಕಾರ್ಡು ಉತ್ತರ ಕೊಡುತ್ತಿಲ್ಲ ಎಂಬ ಸಾಲು ಅಲ್ಲಿತ್ತು. ಮೂರು ವಾರದಿಂದ ಅಲ್ಲೇ ಇತ್ತು, ನಾನು ನೋಡಿರಲಿಲ್ಲ. ಮೋಡ್‌ಪ್ರೋಬ್ ಎಂಬ ಕಮಾಂಡಿನಿಂದ ಆ ಡ್ರೈವರನ್ನು ತೆಗೆದು ಮತ್ತೆ ಹಾಕಿದೆ. ವೈಫೈ ಬಂತು. ಅರ್ಜಿ ಹೋಯಿತು. ಮುಂದೆ ಕರ್ನಲ್ ಅಪ್‌ಡೇಟ್ ಮಾಡಿದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ.

ನಿಮ್ಮಲ್ಲಿ ವಿಂಡೋಸ್ ಇದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರನ್ನು ಡಿಸೇಬಲ್ ಮಾಡಿ ಮತ್ತೆ ಎನೇಬಲ್ ಮಾಡಿ. ಪದೇಪದೇ ಆಗುತ್ತಿದ್ದರೆ ಅದರ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬಲ್ಲಿರುವ ಟಿಕ್ ತೆಗೆದು ನೋಡಿ. ತಯಾರಕರ ಹೊಸ ಡ್ರೈವರ್ ಹಾಕಿ. ಕಾರ್ಡು ಪಟ್ಟಿಯಲ್ಲೇ ಕಾಣದಿದ್ದರೆ ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಹಾಕಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಎಂಬುದೇ ಗೊತ್ತಾಗುವುದಿಲ್ಲ.

ಈ ಕೊನೆಯ ಮಾತು ನನ್ನದಲ್ಲ. ಇದೇ ಶಾಲೆಯ ವಿಜ್ಞಾನದ ತರಗತಿಯಲ್ಲಿ ಬಲ್ಬು ಹೊತ್ತದಿದ್ದಾಗ ಮೊದಲು ಸೆಲ್, ಆಮೇಲೆ ವೈರು, ಆಮೇಲೆ ಬಲ್ಬು ಎಂದು ಮೇಷ್ಟ್ರು ನಮ್ಮ ಕೈಯಲ್ಲೇ ಮಾಡಿಸಿದ್ದರು. ನಾನು ಮರೆತಿದ್ದೆ, ಆ ಹುಡುಗಿ ಮರೆತಿರಲಿಲ್ಲ.

ಅಪ್ಪ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಅಂದು ಅವರಿಗೆ ‘ತಪ್ಪು ನಿಮ್ಮದಲ್ಲ’ ಎಂದು ಹೇಳಲಿಲ್ಲ. ವೈಫೈ ಬಂತು ಎಂದಷ್ಟೇ ಹೇಳಿದೆ. ಇವತ್ತು ಊರಿನ ಮುಂದೆ ಹೇಳುತ್ತಿದ್ದೇನೆ: ಅಪ್ಪ, ಪ್ಲಗ್ ಸರಿಯಾಗಿಯೇ ಇತ್ತು.